ನಿವೃತ್ತಿಯೂ ಕಾಯಕವೂ

ಪ್ರವೃತ್ತಿ, ನಿವೃತ್ತಿ ಎಂಬ ಎರಡು ಶಬ್ದಗಳು ಶಾಸ್ತ್ರಗ್ರಂಥಗಳಲ್ಲಿ ಜೋಡಿಯಾಗಿಯೇ ಬರುತ್ತವೆ. ಎರಡಕ್ಕೂ ಮೂಲ ಒಂದೇ ಧಾತು. 'ಪ್ರ' ಎಂಬ ಉಪಸರ್ಗ ಸೇರಿದಾಗ ಮುಂದಕ್ಕೆ ತೊಡಗುವುದು, 'ನಿ' ಸೇರಿದಾಗ ಹಿಂದಿರುಗುವುದು ಎಂದು ಅರ್ಥವಾಗುತ್ತದೆ. ವಿಷಯಗಳಿಂದ ಮನಸ್ಸನ್ನು ಹಿಂದಿರುಗಿಸುವುದೇ ಶಾಸ್ತ್ರಕಾರರು ಹೇಳಿದ ನಿವೃತ್ತಿ. ಆಡಳಿತದ ಕನ್ನಡವು ಇದೇ ಶಬ್ದವನ್ನು ತೆಗೆದುಕೊಂಡು, ಗೊತ್ತಾದ ವಯಸ್ಸಿನಲ್ಲಿ ಹುದ್ದೆಯನ್ನು ಬಿಟ್ಟುಕೊಡುವುದಕ್ಕೆ ಬಳಸಿತು. ಮೊದಲನೆಯದು ಮನಸ್ಸು ತಾನಾಗಿ ಬಹುಕಾಲ ಸಾಧಿಸಬೇಕಾದದ್ದು. ಎರಡನೆಯದು ಒಂದು ಸಂಜೆ, ಹಾರ ತುರಾಯಿಗಳ ನಡುವೆ, ಒಂದು ಗಂಟೆಯಲ್ಲಿ ಮುಗಿಯುವಂಥದು. ಎರಡಕ್ಕೂ ಒಂದೇ ಹೆಸರು ಬಂದದ್ದರಿಂದ ಆಗಿರುವ ಗೊಂದಲ ಸಣ್ಣದಲ್ಲ.

ಕರ್ನಾಟಕ ರಾಜ್ಯದ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಲಾಯಿತು. ಅರವತ್ತನ್ನು ಮುಟ್ಟಿದ ಉಪಾಧ್ಯಾಯನ ಸ್ಥಿತಿ ಬೇರೆ ನೌಕರರ ಸ್ಥಿತಿಗಿಂತ ಕೊಂಚ ಭಿನ್ನ. ಮೂವತ್ತು ಮೂವತ್ತೈದು ವರ್ಷ ಅವನ ದಿನವನ್ನು ಶಾಲೆಯ ಗಂಟೆಯೇ ತುಂಡು ತುಂಡಾಗಿ ಕತ್ತರಿಸಿ ಕೊಟ್ಟಿರುತ್ತದೆ. ಮುಂದಿನ ಅವಧಿಗೆ ಯಾವ ತರಗತಿ, ಯಾವ ಪಾಠ ಎಂಬುದನ್ನು ವೇಳಾಪಟ್ಟಿ ಹೇಳುತ್ತಿರುತ್ತದೆ. ತಾನು ಏಕಾಗ್ರನಾಗಿದ್ದೆನೆಂದು ಅವನು ಭಾವಿಸಿರುತ್ತಾನೆ. ಆ ಏಕಾಗ್ರತೆಯಲ್ಲಿ ಅರ್ಧ ಪಾಲು ಗಂಟೆಯದೆಂಬುದು ಗಂಟೆ ನಿಂತ ಮೇಲೆ ತಿಳಿಯುತ್ತದೆ. ಪತ್ರಿಕೆಯನ್ನು ಎರಡು ಸಲ ಓದಿದರೂ ಹತ್ತು ಗಂಟೆ ಆಗಿರುವುದಿಲ್ಲ. ಅವನು ಕಳೆದುಕೊಂಡದ್ದು ಸಂಬಳವನ್ನೋ ಕುರ್ಚಿಯನ್ನೋ ಅಲ್ಲ. ತನಗಾಗಿ ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಕಾದಿದ್ದಾರೆಂಬ ಅರಿವನ್ನು ಅವನು ಕಳೆದುಕೊಂಡಿದ್ದಾನೆ.

ಶಿಕ್ಷಕಿಯ ವಿಷಯವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಶಾಲೆ, ಮನೆ ಎಂಬ ಎರಡು ದುಡಿಮೆಗಳಲ್ಲಿ ಆಕೆಗೆ ಒಂದು ಮಾತ್ರ ಮುಗಿಯುತ್ತದೆ. ಬಿಡುವಾದ ಹೊತ್ತನ್ನು ಮೊಮ್ಮಕ್ಕಳೂ ಅಡುಗೆಮನೆಯೂ ಮರುದಿನವೇ ಹಂಚಿಕೊಳ್ಳುತ್ತವೆ. ಆಕೆಗೆ ನಿವೃತ್ತಿಯ ಉಪದೇಶ ಮಾಡುವವರು ಮೊದಲು ಆಕೆಗೆ ದಿನಕ್ಕೊಂದು ಗಂಟೆಯನ್ನು ಬಿಡಿಸಿಕೊಡುವುದು ನ್ಯಾಯ.

ಈ ಸ್ಥಿತಿಗೆ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ, ಇನ್ನು ಸಂಸಾರದ ಗೊಡವೆ ಸಾಕು, ಶಿವಧ್ಯಾನದಲ್ಲಿ ಕಾಲ ಕಳೆಯಬೇಕು ಎಂಬುದು. ಇದಕ್ಕೆ ಹಳೆಯ ಆಧಾರವಿದೆ. ಕಾಳಿದಾಸನ ರಘುವಂಶದ ಅರಸರು ಮುಪ್ಪಿನಲ್ಲಿ ಮಕ್ಕಳಿಗೆ ರಾಜ್ಯವನ್ನೊಪ್ಪಿಸಿ ತಪೋವನಕ್ಕೆ ತೆರಳುವವರು. ಆಶ್ರಮಧರ್ಮದ ಕ್ರಮ ಅದು. ಹನ್ನೆರಡನೆಯ ಶತಮಾನದ ಶರಣರು ವರ್ಣವನ್ನು ಒಪ್ಪದಂತೆ ಈ ಆಶ್ರಮಗಳ ಮೆಟ್ಟಿಲುಗಳನ್ನೂ ಒಪ್ಪಲಿಲ್ಲವೆಂಬುದನ್ನು ಅವರ ಪರಂಪರೆಯವರೇ ಒಮ್ಮೊಮ್ಮೆ ಮರೆಯುತ್ತಾರೆ. ದುಡಿಯುವ ವಯಸ್ಸು ಒಂದು, ಪೂಜೆಯ ವಯಸ್ಸು ಇನ್ನೊಂದು ಎಂಬ ವಿಭಾಗ ಅವರಲ್ಲಿ ಇಲ್ಲ.

ನುಲಿಯ ಚಂದಯ್ಯನ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆ ಪರಿಚಿತ. ಹಗ್ಗ ಹೊಸೆಯುವುದು ಅವನ ಕಾಯಕ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬೀಳುತ್ತದೆ. ಅವನು ಹುಲ್ಲಿನ ಹೊರೆಯನ್ನು ಹೊತ್ತು ನಡೆದುಬಿಡುತ್ತಾನೆ. ಲಿಂಗವೇ ಅವನ ಬೆನ್ನು ಹತ್ತಿ ಬರುತ್ತದೆ. ಲಿಂಗದ ಮೇಲೆ ಅವನಿಗೆ ಅನಾದರವಿತ್ತೆಂದು ಈ ಕಥೆಯನ್ನು ಅರ್ಥಮಾಡುವುದು ಸಲ್ಲದು. ಅವನ ಹಗ್ಗದ ಬೆಲೆಯಿಂದ ಜಂಗಮರ ಊಟ ನಡೆಯಬೇಕಾಗಿತ್ತು; ಆ ಹೊತ್ತಿಗೆ ಅವನಿಗಾಗಿ ಕಾದವರಿದ್ದರು. ಪೂಜೆಯ ನೆಪದಿಂದಲೂ ಕಾಯಕ ತಪ್ಪಬಾರದೆಂಬ ನಿಷ್ಠೆ ಅಲ್ಲಿಯದು.

ನಿವೃತ್ತರ ವಿಚಾರದಲ್ಲಿ ಇದಕ್ಕಿಂತಲೂ ಹತ್ತಿರದ ಪ್ರಸಂಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರದು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಂದಿನ ಅಗತ್ಯಕ್ಕಿಂತ ಹೆಚ್ಚಾದುದನ್ನು ತಂದ ಕಡೆಯಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಪಿಂಚಣಿ ಬರುವವನ ಮನೆಯಲ್ಲಿ ಈ ಕಥೆಗೆ ಹೊಸ ಅರ್ಥವೊಂದು ಹೊಳೆಯಬಹುದು. ಅವನ ಹೊಟ್ಟೆಬಟ್ಟೆಯ ಅಗತ್ಯ ತೀರಿದೆ. ಅಗತ್ಯವನ್ನು ಮೀರಿ ಅವನಲ್ಲಿ ಉಳಿದಿರುವುದು ಹೊತ್ತು. ಆ ಹೆಚ್ಚಿನ ಅಕ್ಕಿ ಎಲ್ಲಿಂದ ಬಂತೋ ಅಲ್ಲಿಗೆ ಸಲ್ಲಬೇಕು. ಎಲ್ಲರಿಗೂ ಈ ಮಾತು ಸಮನಾಗಿ ಅನ್ವಯಿಸದು. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ರಾಜ್ಯದ ನೌಕರರು ಹಳೆಯ ಪಿಂಚಣಿಗೆ ಬದಲಾಗಿ ವಂತಿಗೆಯ ಹೊಸ ಯೋಜನೆಗೆ ಒಳಪಟ್ಟರು. ಅರವತ್ತರ ಮೇಲೂ ಸಂಪಾದಿಸಲೇಬೇಕಾದವರು ಸಂಪಾದಿಸಲಿ. ಸಂಬಳ ಪಡೆದ ಮಾತ್ರಕ್ಕೆ ಕಾಯಕ ಕೆಡುವುದಿಲ್ಲ.

ಹೊತ್ತನ್ನು ಸಲ್ಲಿಸುವುದು ಹೇಗೆಂಬುದಕ್ಕೆ ಕನ್ನಡ ವಿದ್ವತ್ತಿನ ಲೋಕದಲ್ಲಿ ಉಜ್ಜ್ವಲವಾದ ಉದಾಹರಣೆಗಳಿವೆ. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕ ಪದವಿಯಿಂದ 1922ರಲ್ಲಿ ನಿವೃತ್ತರಾದರು. 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ ಬಂದಿದ್ದವು. ಮೂರನೆಯದು ಬಂದದ್ದು 1929ರಲ್ಲಿ, ಅವರ ಎಪ್ಪತ್ತರ ಸಮೀಪದಲ್ಲಿ. ಇಲ್ಲಿ ಗಮನಿಸಬೇಕಾದದ್ದು, ನಿವೃತ್ತಿಯ ಅನಂತರ ಅವರು ಹೊಸ ಉದ್ದೇಶವೊಂದನ್ನು ಹುಡುಕಿಕೊಂಡು ಹೊರಡಲಿಲ್ಲವೆಂಬುದು. ಹದಿನೈದು ವರ್ಷ ಮೊದಲೇ ಹಿಡಿದ ಎಳೆ ಕೈಯಲ್ಲಿತ್ತು. ಕಚೇರಿ ಹೋಯಿತು, ಎಳೆ ಉಳಿಯಿತು.

ಇನ್ನೂ ವಿಸ್ತಾರವಾಗಿ ಪರಿಶೀಲಿಸತಕ್ಕದ್ದು ಪ್ರೊ. ಜಿ. ವೆಂಕಟಸುಬ್ಬಯ್ಯನವರ ಜೀವನ. 1913ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ; ನಿಧನರಾದದ್ದು 2021ರ ಏಪ್ರಿಲ್ 19ರಂದು. ನಡುವೆ ನಲವತ್ತೆಂಟು ವರ್ಷ, ಸೇವಾವಧಿಗಿಂತ ದೀರ್ಘವಾದ ಕಾಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಪ್ರಕಟವಾದವು. ಆ ಕಾರ್ಯದಲ್ಲಿ ಪ್ರಧಾನ ಸಂಪಾದಕರಾಗಿ ಅವರು ದುಡಿದ ದುಡಿಮೆಯ ಬಹುಭಾಗ ಈ ನಿವೃತ್ತಿಯ ಕಾಲದ್ದೇ.

ನಿಘಂಟಿನ ಕೆಲಸವೆಂದರೇನೆಂಬುದನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಒಂದು ಶಬ್ದ ಬಂದ ಸ್ಥಳಗಳನ್ನು ಗುರುತಿಸಬೇಕು. ಆ ಪ್ರಯೋಗಗಳನ್ನು ಅರ್ಥದ ಪ್ರಕಾರ ಬೇರ್ಪಡಿಸಬೇಕು. ಯಾವ ಅರ್ಥ ಮುಂಚಿನದು, ಯಾವುದು ಈಚಿನದು ಎಂದು ನಿರ್ಣಯಿಸಬೇಕು. ಬಳಿಕ ಮುಂದಿನ ಶಬ್ದ. ಅಕಾರದಿಂದ ಳಕಾರದವರೆಗಿನ ದಾರಿಯನ್ನು ಒಟ್ಟಿಗೆ ನೆನೆದರೆ ಯಾವ ಮುದುಕನಿಗೂ ಎದೆ ಕುಸಿಯಬೇಕು. ಆದರೆ ದಿನದ ಕೆಲಸ ಕೆಲವೇ ಶಬ್ದಗಳದ್ದು. ಗುರಿ ದೊಡ್ಡದಾಗಿ, ದಿನದ ಪಾಲು ಚಿಕ್ಕದಾಗಿದ್ದುದರಿಂದಲೇ ಮನಸ್ಸು ಅಲ್ಲಿ ನಿಂತಿತು.

ನಿಘಂಟು ಮುಗಿಯುವ ಮೊದಲೇ, 1991ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣವನ್ನು ತೊಡಗಿದರು. ಓದುಗರು ಶಬ್ದವೊಂದರ ಅರ್ಥವನ್ನೋ ಮೂಲವನ್ನೋ ಕೇಳುವುದು, ಅವರು ಉತ್ತರಿಸುವುದು. ಅಷ್ಟೇ ಅದರ ರೂಪ. ಕಾಲೇಜಿನಲ್ಲಿ ಕಳೆದುಹೋದ ತರಗತಿ ನಾಡಿನಷ್ಟಗಲವಾಗಿ ಅವರಿಗೆ ಮರಳಿ ದೊರೆಯಿತು. ಕೇಳುವವರು ಮತ್ತೆ ಎದುರಿಗೆ ಕುಳಿತರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ 2017ರಲ್ಲಿ ಪದ್ಮಶ್ರೀಯೂ ಬಂದವು. ಅವು ತಾವಾಗಿ ಬಂದವು.

ಇದಕ್ಕೆ ವಿಪರೀತವಾದ ದಾರಿಯೂ ಉಂಟು. ಬಿಟ್ಟ ಅಧಿಕಾರವನ್ನು ಸಂಘ, ಸಮಿತಿ, ಆಡಳಿತ ಮಂಡಳಿಗಳಲ್ಲಿ ಹುಡುಕುತ್ತ, ವಾರಕ್ಕೊಂದು ಶಾಲು ಹೊದೆಯುತ್ತ ತಿರುಗುವ ಹಿರಿಯರಿಗೆ ಬಿಡುವಿಲ್ಲದಿರಬಹುದು, ಬಿಡುವಿಲ್ಲದಿರುವುದೇ ಕಾಯಕವಲ್ಲ. ಬಿಟ್ಟ ಶಾಲೆಗೆ ದಿನವೂ ಬಂದು ಈಗಿನ ಮುಖ್ಯೋಪಾಧ್ಯಾಯರಿಗೆ ಬುದ್ಧಿ ಹೇಳುವುದಂತೂ ಸೇವೆಯಾಗಲಾರದು.

ಎಲ್ಲರೂ ನಿಘಂಟುಕಾರರಾಗಬೇಕಾಗಿಲ್ಲ. ಅನೇಕ ಮಠಗಳಲ್ಲಿ ತಾಳೆಯೋಲೆಯ ಕಟ್ಟುಗಳಿವೆ. ಹಳೆಯ ಲಿಪಿಯನ್ನು ಓದಬಲ್ಲ ಪಂಡಿತನೊಬ್ಬ ಯಾವ ಕಟ್ಟಿನಲ್ಲಿ ಯಾವ ಗ್ರಂಥವಿದೆ, ಗರಿಗಳೆಷ್ಟು, ಲಿಪಿಕಾರನ ಹೆಸರೇನು ಎಂಬ ಪಟ್ಟಿಯನ್ನು ದಿನಕ್ಕೊಂದು ಕಟ್ಟಿನಂತೆ ಮಾಡಬಹುದು. ಗಣಿತದವರಿಗೂ ಸಮಾಜವಿಜ್ಞಾನದವರಿಗೂ ಇನ್ನೂ ಸಮೀಪದ ಕೆಲಸವಿದೆ. ಪ್ರೌಢಶಾಲೆಗೆ ಬಂದರೂ ಪಾಠದ ಒಂದು ಪುಟವನ್ನು ತಡವರಿಸದೆ ಓದಲಾಗದ ಮಕ್ಕಳು ಪ್ರತಿಯೊಂದು ಪ್ರಸಾದನಿಲಯದಲ್ಲಿಯೂ ಕೆಲವರಿರುತ್ತಾರೆ. ತುಂಬಿದ ತರಗತಿಯಲ್ಲಿ ಅವರ ಕಡೆ ತಿರುಗಲು ಸೇವೆಯಲ್ಲಿರುವ ಶಿಕ್ಷಕನಿಗೆ ಹೊತ್ತು ಸಾಲದು. ನಾಲ್ವರು ಮಕ್ಕಳು, ಒಂದು ಪುಸ್ತಕ, ಸಂಜೆಯ ಒಂದು ಗಂಟೆ. ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳಬೇಕು. ತಡವರಿಸಿದ ಅಕ್ಷರವನ್ನು ಮಾತ್ರ ತಿದ್ದಬೇಕು. ಮರುದಿನ ಅದೇ ಪುಟದಿಂದ ಮತ್ತೆ ತೊಡಗಬೇಕು.

ಇದಕ್ಕೆ ನೇಮಕದ ಪತ್ರವೂ ಹಾಜರಿ ಪುಸ್ತಕವೂ ಬೇಕಾಗಿಲ್ಲ. ಬರಲಾಗದ ದಿನ ಮುಂಚೆಯೇ ಹೇಳಿ ಕಳುಹಿಸಬೇಕು, ಮಕ್ಕಳು ಪುಸ್ತಕ ಹಿಡಿದು ಜಗಲಿಯ ಮೇಲೆ ಕಾದಿರುತ್ತಾರೆ.