ಉರಿ ಹಚ್ಚಿ ತಂಪು ಪಡೆಯುವ ಬಗೆ

ಕೆಳಗೆ ಗ್ಯಾಸಿನ ಪುಟ್ಟ ಉರಿ, ಮೇಲಿನ ಪೆಟ್ಟಿಗೆಯೊಳಗೆ ಮಂಜುಗಡ್ಡೆ. ಇಂಥ ಫ್ರಿಜ್‌ಗಳು ನಿಜವಾಗಿಯೂ ಇವೆ. ಅವಕ್ಕೆ ಕರೆಂಟೂ ಬೇಡ, ಕಂಪ್ರೆಸರೂ ಬೇಡ. ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದು ಕಷ್ಟ. ಅವಸರವಿಲ್ಲದೆ, ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ದ್ರವ ಆವಿಯಾಗಲು ಶಾಖ ಬೇಕು. ಒಲೆ ಇಲ್ಲದಿದ್ದರೆ ಅದು ಸುತ್ತಮುತ್ತಲಿನಿಂದಲೇ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ಮೈಮೇಲೆ ಜಿನುಗಿದ ನೀರು ಮಾಡುವುದೂ ಇದನ್ನೇ. ಅಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2,400 ಜೌಲ್ ಶಾಖ ಅದರ ಜೊತೆ ಹೊರಟುಹೋಗುತ್ತದೆ. ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿ ತಣಿಸಲು ಅಷ್ಟು ಸಾಕು. ಆದರೆ ಮಳೆಗಾಲದಲ್ಲಿ ಅದೇ ಹೂಜಿಯ ನೀರು ಅಷ್ಟು ತಣ್ಣಗಾಗದು. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಹೊಸ ಆವಿಗೆ ಜಾಗ ಸಾಲದು. ಅಂದರೆ ತಂಪು ಮುಂದುವರಿಯಬೇಕಾದರೆ, ಎದ್ದ ಆವಿಯನ್ನು ಆಗಿಂದಾಗ್ಗೆ ತೆಗೆಯುತ್ತಿರಬೇಕು. ಮುಂದಿನದನ್ನೆಲ್ಲ ಅರಿಯಲು ಇದೊಂದು ಅಂಶ ಮನಸ್ಸಿನಲ್ಲಿದ್ದರೆ ಸಾಕು.

ಮನೆಯ ಫ್ರಿಜ್‌ನಲ್ಲಿ ಆ ಕೆಲಸ ಕಂಪ್ರೆಸರಿನದು. ಅದು ಆವಿಯನ್ನು ಸೆಳೆದು ಒತ್ತುತ್ತದೆ. ಅದರ ಬದಲು ಆವಿಯನ್ನು ಹೀರಿಕೊಳ್ಳುವ ವಸ್ತುವೊಂದಿದ್ದರೂ ನಡೆಯುತ್ತದೆ. ಎಡಿನ್‌ಬರೋದ ಜಾನ್ ಲೆಸ್ಲಿ 1810ರಲ್ಲಿ ಗಾಜಿನ ಪಾತ್ರೆಯೊಂದರೊಳಗೆ ನೀರನ್ನೂ ಗಂಧಕಾಮ್ಲವನ್ನೂ ಬೇರೆಬೇರೆಯಾಗಿ ಇಟ್ಟು, ಗಾಳಿಯನ್ನು ಪಂಪಿನಿಂದ ತೆಗೆದರು. ನೀರಿನಿಂದ ಎದ್ದ ಆವಿಯನ್ನು ಆಮ್ಲ ಹೀರುತ್ತ ಹೋಯಿತು. ಉಳಿದ ನೀರು ಹೆಪ್ಪುಗಟ್ಟಿತು. ಆದರೆ ಹೀರಿದಷ್ಟೂ ಆಮ್ಲದ ಶಕ್ತಿ ಕುಂದುತ್ತದೆ. ಅದನ್ನು ಕಾಯಿಸಿ ನೀರನ್ನು ಹೊರಹಾಕಿದರೆ ಮತ್ತೆ ಹೀರಲು ಅಣಿಯಾಗುತ್ತದೆ. ಉರಿಯ ಪಾತ್ರ ಇಷ್ಟೇ. ಶಾಖವೇ ತಂಪಾಗಿ ಮಾರ್ಪಡುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇದನ್ನು ಯಂತ್ರವಾಗಿಸಿದವರು ಫ್ರಾನ್ಸಿನ ಫರ್ಡಿನಾಂಡ್ ಕಾರೆ. ಪೇಟೆಂಟ್ ಪಡೆದದ್ದು 1859ರಲ್ಲಿ. ಅವರು ಆರಿಸಿಕೊಂಡ ಜೋಡಿ ಅಮೋನಿಯಾ ಮತ್ತು ನೀರು. ಮಾಮೂಲಿ ಒತ್ತಡದಲ್ಲಿ ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ತಣ್ಣೀರು ತನ್ನ ಗಾತ್ರದ ನೂರಾರು ಪಟ್ಟು ಅಮೋನಿಯಾ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಅವರ ಚಿಕ್ಕ ಯಂತ್ರದಲ್ಲಿ ಇದ್ದದ್ದು ಕೊಳವೆಯಿಂದ ಸೇರಿಸಿ ಭದ್ರವಾಗಿ ಮುಚ್ಚಿದ ಎರಡು ಲೋಹದ ಪಾತ್ರೆಗಳು. ಮೊದಲನೆಯದರಲ್ಲಿ ಅಮೋನಿಯಾ ಬೆರೆತ ನೀರು. ಅದನ್ನು ಒಲೆಯ ಮೇಲಿಟ್ಟು, ಎರಡನೆಯದನ್ನು ತಣ್ಣೀರಿನಲ್ಲಿ ಮುಳುಗಿಸಬೇಕು. ಬಿಸಿಗೆ ಅಮೋನಿಯಾ ಹೊರಬಿದ್ದು ಕೊಳವೆ ದಾಟಿ, ತನ್ನದೇ ಒತ್ತಡದಿಂದ ಎರಡನೆಯ ಪಾತ್ರೆಯಲ್ಲಿ ದ್ರವವಾಗುತ್ತದೆ. ಈಗ ಅದಲು ಬದಲು: ಮೊದಲನೆಯದನ್ನು ಒಲೆಯಿಂದ ಇಳಿಸಿ ತಣ್ಣೀರಿಗೆ ಇಡಿ. ಒಳಗಿನ ನೀರು ಆರಿದಂತೆ ಅಮೋನಿಯಾವನ್ನು ವಾಪಸು ಹೀರತೊಡಗುತ್ತದೆ, ಒತ್ತಡ ಇಳಿಯುತ್ತದೆ, ಎರಡನೆಯ ಪಾತ್ರೆಯ ದ್ರವ ತಾನಾಗಿ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಪಕ್ಕದಲ್ಲಿಟ್ಟ ನೀರಿನಿಂದ ಕಿತ್ತುಕೊಳ್ಳುತ್ತದೆ. ಆ ನೀರು ಮಂಜುಗಡ್ಡೆಯಾಗುತ್ತದೆ. ಕುದಿತವೇ ತಂಪು ಮಾಡುವ ಈ ಘಟ್ಟವನ್ನು ಎರಡು ಸಲ ಓದಿ. ಅರ್ಥವಾದರೆ ಉಳಿದದ್ದು ಸಲೀಸು. ಮನೆಯಲ್ಲಿ ಮಾತ್ರ ಪ್ರಯತ್ನಿಸಬೇಡಿ. ಅಮೋನಿಯಾ ವಿಷಾನಿಲ, ಪಾತ್ರೆಯ ಒತ್ತಡವೂ ಅಪಾಯಕಾರಿ.

ಹೀಗೆ ಪಾತ್ರೆ ಎತ್ತಿಡುವ ಕೆಲಸವನ್ನೂ, ದೊಡ್ಡ ಯಂತ್ರಗಳಲ್ಲಿ ದ್ರಾವಣ ಸುತ್ತಿಸಲು ಬೇಕಿದ್ದ ಪಂಪನ್ನೂ ತಪ್ಪಿಸಿದವರು 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್. ಅವರು ಒಳಗೆ ಹೈಡ್ರೋಜನ್ ಸೇರಿಸಿ ಅಮೋನಿಯಾ ಬಿಡುವಿಲ್ಲದೆ ಸುತ್ತುವಂತೆ ಮಾಡಿದರು. ಗ್ಯಾಸ್ ಉರಿಯ ಫ್ರಿಜ್ ಬಂದದ್ದು ಆ ದಾರಿಯಿಂದಲೇ.

ದೊಡ್ಡ ಕಟ್ಟಡಗಳ ಹವಾನಿಯಂತ್ರಣಕ್ಕೆ ಬಳಸುವ ಯಂತ್ರಗಳಲ್ಲಿ ಆವಿಯಾಗುವುದು ಬರೀ ನೀರು, ಹೀರುವುದು ಲಿಥಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವುದನ್ನು ನೋಡಿದ್ದೀರಲ್ಲ, ಇದರ ಸೆಳೆತ ಅದಕ್ಕಿಂತ ಎಷ್ಟೋ ಹೆಚ್ಚು. ಒಳಗಿನ ಒತ್ತಡ ಹೊರಗಿನದರ ನೂರನೇ ಒಂದು ಭಾಗಕ್ಕೂ ಕಡಿಮೆ. ಅಲ್ಲಿ ನೀರು 5 ಡಿಗ್ರಿಯಲ್ಲೇ ಕುದಿಯುತ್ತದೆ.

ಸರಳ ಬಗೆಯ ಇಂಥ ಯಂತ್ರಕ್ಕೆ ಒಂದು ಪಾಲು ಶಾಖ ಕೊಟ್ಟರೆ ಒಳಗಿನಿಂದ ಸುಮಾರು 0.7 ಪಾಲು ಶಾಖ ಹೊರಬರುತ್ತದೆ. ಎರಡನ್ನೂ ಕೂಡಿಸಿ ಆಚೆ ಚೆಲ್ಲಬೇಕು. ಹಾಗಾಗಿ ಕಾಸು ಕೊಟ್ಟು ಇಂಧನ ತಂದು ಉರಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕಾರ್ಖಾನೆಯ ಚಿಮಣಿಯಲ್ಲಿ ಸುಮ್ಮನೆ ಹೋಗುವ ಬಿಸಿಯನ್ನು ಬಳಸದಿರುವುದು ದೊಡ್ಡ ನಷ್ಟ. ಬಿಸಿಲೂ ಆಗುತ್ತದೆ. ನಮ್ಮ ತಾರಸಿಯ ಸೋಲಾರ್ ಹೀಟರಿನ 60 ಡಿಗ್ರಿ ನೀರು ಇದಕ್ಕೆ ಸಾಲದು, ಸುಮಾರು 80-90 ಡಿಗ್ರಿ ಬೇಕು. ನಿರ್ವಾತ ಕೊಳವೆಯ ಹೀಟರುಗಳು ಅಷ್ಟು ಬಿಸಿ ಕೊಡಬಲ್ಲವು, ಅದೂ ಸೆಕೆ ಏರುವ ನಡುಹಗಲ ಹೊತ್ತಿನಲ್ಲೇ.