ಗಾಳಿಯಂತ್ರದ ಟ್ಯಾಂಕು

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯೊಂದಿಗೆ ಬೆಳೆದ ಊರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಈ ಯೋಜನೆಯ ನೀರು, ನಾರಾಯಣಪುರದ ಜಲಾಶಯದಿಂದ ಎಡದಂಡೆ ಕಾಲುವೆಯ ಮೂಲಕ ಈ ಸೀಮೆಗೆ ಹರಿದುಬಂದಿತು. ಜೋಳ, ತೊಗರಿಗಳ ಹೊಲಗಳ ಪಕ್ಕದಲ್ಲಿ ಭತ್ತದ ಗದ್ದೆಗಳು ಕಾಣಿಸಿಕೊಂಡವು. ಎತ್ತಿನ ಬಂಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಲಾರಿಗಳೂ ಬಂದವು. ಬಂಡಿಯ ಗಾಲಿಗೆ ಬಡಗಿಯೂ ಕಮ್ಮಾರನೂ ಸಾಕಾಗಿದ್ದರು. ರಬ್ಬರಿನ ಚಕ್ರಕ್ಕೆ ಗಾಳಿಯೂ ಬೇಕು. ಆದುದರಿಂದಲೇ ಇಂತಹ ಊರುಗಳ ರಸ್ತೆಯ ಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಗಡಗಡನೆ ಸದ್ದು ಮಾಡುವ ಹಳೆಯ ಕಂಪ್ರೆಸರೊಂದು ಇದ್ದೇ ಇರುತ್ತದೆ.

ಈ ಯಂತ್ರದ ರಚನೆ ಸರಳವಾದುದು. ಮೇಲೆ ಒಂದು ವಿದ್ಯುತ್ ಮೋಟಾರು. ಅದರಿಂದ ಬೆಲ್ಟಿನ ಮೂಲಕ ತಿರುಗುವ ಪಂಪು. ಇವೆರಡನ್ನೂ ಹೊತ್ತು ಅಡ್ಡಲಾಗಿ ಮಲಗಿರುವ ಉಕ್ಕಿನ ಟ್ಯಾಂಕು. ಪಂಪಿನ ಪಿಸ್ಟನ್ನು ಹೊರಗಿನ ಗಾಳಿಯನ್ನು ಎಳೆದು ಟ್ಯಾಂಕಿನೊಳಕ್ಕೆ ಅದುಮುತ್ತದೆ. ಸದ್ದು ಮಾಡುವ ಮೋಟಾರಿಗೂ ಪಂಪಿಗೂ ಜನರು ಎಣ್ಣೆ ಹಾಕುತ್ತಾರೆ, ಬೆಲ್ಟನ್ನು ಬದಲಿಸುತ್ತಾರೆ. ಮೌನವಾಗಿ ಮಲಗಿರುವ ಟ್ಯಾಂಕನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಯಂತ್ರದ ಭಾಗಗಳಲ್ಲಿ ಪ್ರಾಣಾಪಾಯವನ್ನು ಒಡಲಿನಲ್ಲಿಟ್ಟುಕೊಂಡಿರುವುದು ಅದೇ.

ಟ್ಯಾಂಕು ಸೋರುವುದಕ್ಕೆ ಕಾರಣ ಹೊರಗಿನ ಮಳೆಯಲ್ಲ, ಒಳಗಿನ ನೀರು. ಗಾಳಿಯನ್ನು ತುಂಬಿದ ಟ್ಯಾಂಕಿನಲ್ಲಿ ನೀರು ಎಲ್ಲಿಂದ ಬಂದಿತು? ನಾವು ಉಸಿರಾಡುವ ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಯಾವಾಗಲೂ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಮಳೆಗಾಲದ ಸಾಧಾರಣ ದಿನವೊಂದರಲ್ಲಿ 18 ಗ್ರಾಂ ಇದೆಯೆಂದು ಭಾವಿಸಬಹುದು. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1662ರಲ್ಲಿ ಪ್ರಕಟಿಸಿದ ನಿಯಮದಂತೆ, ಉಷ್ಣತೆ ಬದಲಾಗದಿದ್ದರೆ ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕಿರಿದಾಗುತ್ತದೆ. ಒತ್ತಡಮಾಪಕವು ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಎಂದು ತೋರಿಸುವಾಗ, ಹೊರಗಿನ 8 ಘನಮೀಟರು ಗಾಳಿಯು ಹೆಚ್ಚುಕಡಿಮೆ ಒಂದು ಘನಮೀಟರಿನ ಸ್ಥಳದಲ್ಲಿ ಅಡಗಿರುತ್ತದೆ. ಅದರೊಡನೆ ಬಂದ ನೀರಾವಿ 144 ಗ್ರಾಂ. ಅಲ್ಲಿ ಆವಿಯಾಗಿ ಉಳಿಯಬಲ್ಲುದು 30 ಗ್ರಾಂ ಮಾತ್ರ. ಮಿಕ್ಕ 114 ಗ್ರಾಂ ನೀರಾಗಿ ತಳಕ್ಕೆ ಇಳಿಯಲೇಬೇಕು. ಪಂಪಿನಿಂದ ಬಿಸಿಯಾಗಿ ಬಂದ ಗಾಳಿಯು ಟ್ಯಾಂಕಿನಲ್ಲಿ ತಣ್ಣಗಾಗುತ್ತಿದ್ದಂತೆ ಈ ಕಾರ್ಯ ನಡೆಯುತ್ತದೆ. ಬೇಸಗೆಯ ಒಣಹವೆಯಲ್ಲಿ ಇದು ಕಡಿಮೆಯಾಗುವುದೇ ಹೊರತು ಪೂರ್ತಿಯಾಗಿ ನಿಲ್ಲುವುದಿಲ್ಲ.

ನೀರು, ಗಾಳಿ, ಕಬ್ಬಿಣ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಟ್ಯಾಂಕಿನ ತಳದಲ್ಲಿ ನೀರನ್ನು ಹೊರಬಿಡಲೆಂದೇ ಒಂದು ಸಣ್ಣ ನಲ್ಲಿಯನ್ನು ಇಟ್ಟಿರುತ್ತಾರೆ. ಅದನ್ನು ದಿನವೂ ತೆರೆಯದಿದ್ದರೆ ನೀರು ಅಲ್ಲಿಯೇ ನಿಂತು, ತಳದುದ್ದಕ್ಕೂ ತಗಡನ್ನು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಒಂದು ದಿನ ಆ ತಳದಲ್ಲಿ ಸೂಜಿಯ ಮೊನೆಯಷ್ಟು ರಂಧ್ರ ಬಿದ್ದು ಗಾಳಿ ಸಿಳ್ಳು ಹಾಕತೊಡಗಿತೆನ್ನೋಣ. ಅಂಗಡಿಯ ತರುಣನು ಬೆಸುಗೆ ಹಾಕುವ ಹಿರಿಯ ಮಿಸ್ತ್ರಿಯ ಬಳಿಗೆ ಹೋಗಿ, “ಕಾಕಾ, ಸಣ್ಣ ತೂತ ಬಿದ್ದದ, ಎರಡು ಟಾಕಿ ಹಾಕಿ ಕೊಡ್ರಿ” ಎಂದು ಕೇಳುವುದು ಸಹಜ. ಕೆಲಸ ಬಲ್ಲ ಮಿಸ್ತ್ರಿ ಟ್ಯಾಂಕಿನ ಗಾಳಿಯನ್ನೆಲ್ಲ ಹೊರಬಿಡಿಸಿ, ಸುತ್ತಿಗೆಯಿಂದ ಮೆಲ್ಲಗೆ ತಳವನ್ನು ತಟ್ಟುತ್ತಾನೆ. ಮೇಲ್ಭಾಗ ಗಂಟೆಯಂತೆ ನುಡಿಯುತ್ತದೆ. ತಳದ ಸದ್ದು ಮಂಕಾಗಿರುತ್ತದೆ. “ತೂತ ಒಂದೇ ಕಾಣ್ತದ ತಮ್ಮಾ. ಒಳಗ ತಗಡೆಲ್ಲಾ ತಿಂದು ಹೋಗ್ಯದ” ಎಂಬ ಆತನ ಮಾತಿನಲ್ಲಿ ಇಡೀ ವಿಷಯ ಅಡಗಿದೆ.

ಮಿಸ್ತ್ರಿಯ ಮಾತನ್ನು ಲೆಕ್ಕದಿಂದಲೂ ತೋರಿಸಬಹುದು. 40 ಸೆಂಟಿಮೀಟರು ವ್ಯಾಸದ ಟ್ಯಾಂಕಿನ ತಗಡು ಹೊಸದಾಗಿದ್ದಾಗ 4 ಮಿಲಿಮೀಟರು ದಪ್ಪವಾಗಿತ್ತೆಂದು ಇಟ್ಟುಕೊಂಡರೆ, 7 ಕಿಲೋಗ್ರಾಂ ಒತ್ತಡದಲ್ಲಿ ಆ ತಗಡಿನ ಮೇಲೆ ಬೀಳುವ ಎಳೆತ ಚದರ ಸೆಂಟಿಮೀಟರಿಗೆ 350 ಕಿಲೋಗ್ರಾಂ. ಸಾಮಾನ್ಯ ಮೃದು ಉಕ್ಕು ಸುಮಾರು 2,500 ಕಿಲೋಗ್ರಾಂಗಳವರೆಗೆ ತಾಳಿಕೊಳ್ಳುವುದರಿಂದ ಅಪಾಯವಿಲ್ಲ. ತುಕ್ಕು ತಿಂದು ಒಂದು ಮಿಲಿಮೀಟರು ಉಳಿದಾಗ ಎಳೆತವು 1,400 ಆಗುತ್ತದೆ; ಅರ್ಧ ಮಿಲಿಮೀಟರು ಉಳಿದಾಗ 2,800. ರಂಧ್ರ ಬಿದ್ದೆಡೆಯಲ್ಲಿ ದಪ್ಪವು ಸೊನ್ನೆಗೆ ಇಳಿದಿದೆ. ಅದರ ಸುತ್ತಲೂ ಎಷ್ಟು ಉಳಿದಿದೆಯೆಂದು ಹೊರಗಿನಿಂದ ನೋಡಿದವರಿಗೆ ತಿಳಿಯದು. ಅಂತಹ ತಗಡಿಗೆ ಬೆಸುಗೆ ಹಾಕಿದರೆ, ಬೆಸುಗೆಯ ಜಾಗವಷ್ಟೇ ಗಟ್ಟಿಯಾಗಿ ಪಕ್ಕದ ಜಾಗ ಹಿಂದಿನಷ್ಟೇ ದುರ್ಬಲವಾಗಿ ಉಳಿಯುತ್ತದೆ. ಸಿಳ್ಳು ಮಾತ್ರ ನಿಲ್ಲುತ್ತದೆ. ಎಚ್ಚರಿಸುತ್ತಿದ್ದ ಬಾಯನ್ನು ಮುಚ್ಚಿದಂತಾಯಿತು.

200 ಲೀಟರು ಹಿಡಿಯುವ ಟ್ಯಾಂಕಿನಲ್ಲಿ ಈ ಒತ್ತಡದ ಗಾಳಿ ತುಂಬಿದಾಗ, ಅದು ಒಮ್ಮೆಲೇ ಹೊರಬಿದ್ದರೆ ಒಂದು ಟನ್ ಭಾರವನ್ನು ಹತ್ತು ಮೀಟರು ಎತ್ತರಕ್ಕೆ ಎಸೆಯಬಲ್ಲಷ್ಟು ಶಕ್ತಿ ಅದರಲ್ಲಿ ಇರುತ್ತದೆ. ಟ್ಯಾಂಕಿನ ಪಕ್ಕದಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಟ್ಯೂಬಿಗೆ ತೇಪೆ ಹಚ್ಚುವವನು ಹಲವು ಕಡೆ ಹದಿಹರೆಯದ ಹುಡುಗ. 1948ರ ಕಾರ್ಖಾನೆ ಕಾಯಿದೆಯು ಒತ್ತಡದ ಯಂತ್ರಗಳ ಸುರಕ್ಷತೆಗೆ ನಿಯಮಗಳನ್ನು ವಿಧಿಸಿತಾದರೂ, ಒಬ್ಬಿಬ್ಬರು ದುಡಿಯುವ ಇಂತಹ ಅಂಗಡಿಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರಲಿಲ್ಲ. ಇಲ್ಲಿ ಪರೀಕ್ಷಕನೂ ಮಾಲೀಕನೂ ಒಬ್ಬನೇ.

ಆದುದರಿಂದ ಪಂಪನ್ನೂ ಮೋಟಾರನ್ನೂ ಉಳಿಸಿಕೊಂಡು ಟ್ಯಾಂಕನ್ನು ಬದಲಿಸಬೇಕು. ಮೊದಲು ವಿದ್ಯುತ್ತನ್ನು ಕಡಿದು ಫ್ಯೂಜನ್ನು ಕಿತ್ತಿಡಬೇಕು. ಮಾಪಕದ ಮುಳ್ಳು ಸೊನ್ನೆಗೆ ಬಂದರೂ ಸಾಲದು. ಮುಳ್ಳು ಕೆಟ್ಟು ನಿಂತಿರಬಹುದು. ತಳದ ನಲ್ಲಿಯನ್ನು ತೆರೆದೇ ಇಟ್ಟು ಪಾನಾ ಹಿಡಿಯಬೇಕು. ಹೊಸ ಟ್ಯಾಂಕಿನ ಮೇಲೆ ಅದು ತಾಳುವ ಒತ್ತಡವನ್ನು ಕೆತ್ತಿದ ಫಲಕವಿರಬೇಕು. ಆ ಅಂಕಿಯು ಯಂತ್ರ ನಿಲ್ಲುವ ಒತ್ತಡಕ್ಕಿಂತ ಹೆಚ್ಚಾಗಿರಬೇಕು. ಹಳೆಯ ಬೋಲ್ಟಿನ ರಂಧ್ರಗಳು ಹೊಂದದಿದ್ದಲ್ಲಿ ಟ್ಯಾಂಕಿನ ಮೈಗೆ ಬೆಸುಗೆ ಹಾಕುವುದು ದೊಡ್ಡ ತಪ್ಪು. ನಡುವೆ ಒಂದು ಉಕ್ಕಿನ ಹಲಗೆಯನ್ನಿಟ್ಟು ಬೋಲ್ಟುಗಳಿಂದ ಜೋಡಿಸಬೇಕು. ಪಂಪಿನ ಮತ್ತು ಮೋಟಾರಿನ ಗಾಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ದಾರ ಹಿಡಿದು ನೋಡುವರು. ಗಾಳಿ ಹಿಂದಿರುಗದಂತೆ ತಡೆಯುವ ಕವಾಟವನ್ನು ಶುಚಿಗೊಳಿಸಬೇಕು. ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಸುರಕ್ಷಾ ಕವಾಟವನ್ನಂತೂ ಹಳೆಯದರಿಂದ ಬಿಚ್ಚಿ ತಂದು ಹಾಕಬಾರದು, ಹೊಸದನ್ನೇ ಕೊಳ್ಳಬೇಕು. ಇಲ್ಲಿ ಉಳಿಸುವ ಹಣ ಉಳಿತಾಯವಲ್ಲ.

ಟ್ಯಾಂಕಿನ ಬಲವನ್ನು ಪರೀಕ್ಷಿಸುವ ಕ್ರಮ ಕುತೂಹಲಕರವಾದುದು. ಗಾಳಿ ತುಂಬಬೇಕಾದ ಪಾತ್ರೆಯನ್ನು ತಯಾರಕರು ನೀರು ತುಂಬಿ, ಬಳಕೆಯ ಒತ್ತಡಕ್ಕಿಂತ ಸಾಕಷ್ಟು ಹೆಚ್ಚು ಒತ್ತಡದಲ್ಲಿ ಪರೀಕ್ಷಿಸುತ್ತಾರೆ. 10 ಕಿಲೋಗ್ರಾಂ ಒತ್ತಡದಲ್ಲಿಯೂ 200 ಲೀಟರು ನೀರು ಕುಗ್ಗುವುದು ಸುಮಾರು 100 ಮಿಲಿಲೀಟರಿನಷ್ಟು ಮಾತ್ರ. ಕುಗ್ಗದ ವಸ್ತು ಚಿಮ್ಮುವುದೂ ಇಲ್ಲ. ಪಾತ್ರೆ ಬಿರಿದರೆ ನೀರು ಜಿನುಗಿ ಒತ್ತಡ ತಟ್ಟನೆ ಇಳಿಯುತ್ತದೆ. ಗಾಳಿಯಾಗಿದ್ದರೆ ಉಕ್ಕಿನ ಚೂರುಗಳು ಹಾರುತ್ತವೆ.

ಜೋಡಣೆ ಮುಗಿದ ಮೇಲೆ ಗಾಳಿಯನ್ನು ಹಂತಹಂತವಾಗಿ ತುಂಬುತ್ತಾರೆ. 2 ಕಿಲೋಗ್ರಾಂ ಆದಾಗ ನಿಲ್ಲಿಸಿ, ಪ್ರತಿಯೊಂದು ಕೀಲಿಗೂ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡುತ್ತಾರೆ. 4ಕ್ಕೆ ಮತ್ತೊಮ್ಮೆ, 7ಕ್ಕೆ ಮಗುದೊಮ್ಮೆ. ನಿಗದಿಯಾದ ಒತ್ತಡದಲ್ಲಿ ಮೋಟಾರು ತಾನಾಗಿ ನಿಲ್ಲಬೇಕು. ಸಂಜೆ ಅಂಗಡಿ ಮುಚ್ಚುವಾಗ ತಳದ ನಲ್ಲಿಯನ್ನು ತಿರುಗಿಸಿದರೆ ಮೊದಲ ದಿನವೇ ಬೊಗಸೆಯಷ್ಟು ನೀರು ಹೊರಬಂದರೂ ಆಶ್ಚರ್ಯವಿಲ್ಲ.

ಇನ್ನು ಹಳೆಯ ಟ್ಯಾಂಕು. ಅದನ್ನು ಇಡಿಯಾಗಿ ಗುಜರಿಗೆ ಮಾರಿದರೆ ಯಾರೋ ಬೆಸುಗೆ ಹಾಕಿ, ಬಣ್ಣ ಬಳಿದು, ಮತ್ತೊಂದು ಊರಿನ ಚಪ್ಪರದ ಕೆಳಗೆ ನಿಲ್ಲಿಸಿಯಾರು. ಬಲ್ಲವರು ಅದನ್ನು ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದಾಗ ಒಳಗೆ ಕೆಂಪು ಕೆಸರಿನ ಪಟ್ಟೆಯೊಂದು ತಳದುದ್ದಕ್ಕೂ ಹರಡಿರುತ್ತದೆ. ಅದನ್ನು ಕೆರೆದು, ಬಿಸಿಲಿಗೆ ಎತ್ತಿ ಹಿಡಿದು ನೋಡಿದರೆ, ಸೋರುತ್ತಿದ್ದ ಒಂದು ರಂಧ್ರದ ಆಚೀಚೆ, ಇನ್ನೂ ತೂತಾಗದೆ ಕಾಗದದಂತೆ ತೆಳುವಾಗಿ ಉಳಿದ ಗುಳಿಗಳು ಸಾಲಾಗಿ ಕಾಣುತ್ತವೆ.