ನೇರ ಮಾತಿಗೆ ಆರು ಸೂತ್ರ: ಚಾಮರಾಜನಗರದ ಪಾಠ

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಗೆ ಕುರ್ಚಿ ಉಳಿಯದು ಎಂಬ ಮಾತು ಕೇಳುತ್ತಲೇ ಈ ಸೀಮೆಯ ಮಕ್ಕಳು ಬೆಳೆದಿದ್ದಾರೆ. 1997ರಲ್ಲಿ ಹೊಸ ಜಿಲ್ಲೆಯನ್ನು ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಈ ಮಾತು ಇಷ್ಟು ಕಾಲ ಬದುಕಿದ್ದು ನಂಬಿದವರಿಂದಲ್ಲ, ನಂಬದೆಯೂ ಗುಂಪಿನಲ್ಲಿ ಗೋವಿಂದ ಎಂದವರಿಂದ ಎಂಬುದು ನನ್ನ ಅನಿಸಿಕೆ. ಹಾಗೆ ದನಿಗೂಡಿಸದೆ ನೇರವಾಗಿ ಮಾತಾಡಲು ಈ ಆರು ಸೂತ್ರ.

1. ಮೊದಲು ಲೆಕ್ಕ ನೋಡಿ. ಇಲ್ಲಿಗೆ ಬಂದುಹೋದ ಮುಖ್ಯಮಂತ್ರಿಗಳಾದ ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ 1990ರಲ್ಲಿ ಅಧಿಕಾರ ಕಳೆದುಕೊಂಡದ್ದನ್ನು ಪುರಾವೆ ಎನ್ನುತ್ತಾರೆ. ಬೊಮ್ಮಾಯಿ ಸರ್ಕಾರ ಹೋದದ್ದು ಪಕ್ಷಾಂತರದ ಗದ್ದಲದಲ್ಲಿ ಹೇರಿದ ರಾಷ್ಟ್ರಪತಿ ಆಳ್ವಿಕೆಯಿಂದ. ಆ ವಜಾ ತಪ್ಪೆಂದು 1994ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಪಾಟೀಲರನ್ನು ಇಳಿಸಿದ್ದು ಅವರ ಪಕ್ಷದ ಹೈಕಮಾಂಡ್. ಮುಖ್ಯಮಂತ್ರಿಯಾಗಿ ಈ ಪಟ್ಟಣದಿಂದ ದೂರವೇ ಉಳಿದ ಯಡಿಯೂರಪ್ಪನವರೂ 2011ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ರಾಜೀನಾಮೆ ಕೊಟ್ಟರು. ಕಾಗೆ ಕೂತದ್ದಕ್ಕೇ ಟೊಂಗೆ ಮುರಿಯಿತೆಂದು ಹೇಳಲಾಗದು.

2. ಹೇಳಿದಂತೆ ನಡೆಯಿರಿ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಇದು ಮೂಢನಂಬಿಕೆ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಊರಿಗೆ ಬಂದರು, ಮತ್ತೆ ಮತ್ತೆ ಬಂದರು. 2017ರಲ್ಲಿ ಇದೇ ಜಿಲ್ಲೆಯ ಗುಂಡ್ಲುಪೇಟೆ ಉಪಚುನಾವಣೆಯಲ್ಲಿ ಹಳ್ಳಿಹಳ್ಳಿ ಸುತ್ತಿದರು. ಐದು ವರ್ಷ ಪೂರೈಸಿಯೇ ಇಳಿದರು.

3. ನಿಮ್ಮ ವಾದಕ್ಕೆ ಒಗ್ಗದ್ದನ್ನೂ ಹೇಳಿ. 2007ರಲ್ಲಿ ಇಲ್ಲಿಗೆ ಬಂದ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಅಧಿಕಾರ ಅದೇ ವರ್ಷ ಮುಗಿಯಿತು. ಅದನ್ನು ಮುಚ್ಚಿಡಬೇಡಿ. ಆ ಸರ್ಕಾರ 20 ತಿಂಗಳ ಅಧಿಕಾರ ಹಂಚಿಕೆ ಒಪ್ಪಂದದ ಮೇಲೆ ನಿಂತಿತ್ತು ಎಂಬುದನ್ನೂ ಬಿಡಬೇಡಿ.

4. ಹಿರಿಯರ ಮುಂದೆ ದನಿ ತಗ್ಗಲಿ, ಮಾತು ತಗ್ಗದಿರಲಿ. "ನಂಗ್ಯಾಕೋ ಹಂಗನ್ಸಲ್ಲ ತಾತ" ಎಂದರೆ ಸಾಕು. ನಂಬಿದವರನ್ನು ನಗೆಪಾಟಲು ಮಾಡಿದರೆ ಅವರು ನಿಮ್ಮ ಮಾತಿಗೆ ಕಿವಿ ಕೊಡುವುದಿಲ್ಲ.

5. ಒಬ್ಬಂಟಿ ಎಂದು ಹಿಂಜರಿಯಬೇಡಿ. ಕೆ.ಎಸ್. ನಾಗರತ್ನಮ್ಮ 1957ರಲ್ಲಿ ಗುಂಡ್ಲುಪೇಟೆಯಿಂದ ಗೆದ್ದದ್ದು ಪಕ್ಷೇತರರಾಗಿ. ಹೆಣ್ಣುಮಗಳು ಸಭೆಯಲ್ಲಿ ಎದ್ದು ಮಾತಾಡುವುದೇ ಅಪರೂಪವಾಗಿದ್ದ ಕಾಲವದು. 1972ರಲ್ಲಿ ಅವರು ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು.

6. ಸುಮ್ಮನಿದ್ದರೆ ನಷ್ಟ ಯಾರಿಗೆ ಎಂದು ಕೇಳಿಕೊಳ್ಳಿ. ಮುಖ್ಯಮಂತ್ರಿ ಬರುತ್ತಾರೆಂದರೆ ರಸ್ತೆಗೆ ಡಾಂಬರು ಬೀಳುತ್ತದೆ, ಕೂತ ಕಡತ ಏಳುತ್ತದೆ, ಜನರ ಅಹವಾಲು ನೇರ ಕೈಗೆ ಸೇರುತ್ತದೆ. ಅವರು ಬಾರದ ವರ್ಷಗಳಲ್ಲಿ ಕಳೆದುಕೊಂಡದ್ದು ಈ ಗಡಿ ಜಿಲ್ಲೆಯ ಜನ. ಇನ್ನೊಮ್ಮೆ ಬಸ್ಸಿನಲ್ಲೋ ಟೀ ಅಂಗಡಿಯಲ್ಲೋ ಯಾರಾದರೂ ನಿಮ್ಮೂರನ್ನು ಶಾಪಗ್ರಸ್ತ ಎಂದರೆ, ದಯವಿಟ್ಟು ತಲೆಯಾಡಿಸಬೇಡಿ.